ಅಮೆರಿಕದ ರಾಜ್ಯ ಕೋರ್ಟಿನಿಂದ ಫೆಡರಲ್ ಕೋರ್ಟಿಗೆ: ಸಿವಿಲ್ ಕೇಸು ಒಯ್ಯುವ ಬಗೆ

ನಮ್ಮ ಊರಿನ ಕಡೆ ಸಿವಿಲ್ ದಾವೆಯೊಂದನ್ನು ಬೇರೆ ಕೋರ್ಟಿಗೆ ವರ್ಗಾಯಿಸಬೇಕೆಂದರೆ ಅರ್ಜಿ ಹಾಕಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಡಿ ಜಿಲ್ಲಾ ನ್ಯಾಯಾಲಯಕ್ಕೋ ಹೈಕೋರ್ಟಿಗೋ, ರಾಜ್ಯದ ಗಡಿ ದಾಟುವುದಾದರೆ 25ನೇ ಕಲಮಿನಡಿ ಸುಪ್ರೀಂ ಕೋರ್ಟಿಗೆ. ಎದುರು ಪಕ್ಷದವರ ತಕರಾರು ಕೇಳಿ, ನ್ಯಾಯಾಧೀಶರು ಒಪ್ಪಿದ ಮೇಲಷ್ಟೇ ಕಡತ ಕದಲುತ್ತದೆ. ಅಮೆರಿಕದಲ್ಲಿ ರಾಜ್ಯ ಕೋರ್ಟಿನಿಂದ ಫೆಡರಲ್, ಅಂದರೆ ಕೇಂದ್ರದ, ಕೋರ್ಟಿಗೆ ಹೋಗಲು ಇದ್ಯಾವುದೂ ಇಲ್ಲ. ಪ್ರತಿವಾದಿ ಯಾರ ಅಪ್ಪಣೆಯನ್ನೂ ಕೇಳದೆ ಒಂದು ನೋಟಿಸ್ ಸಲ್ಲಿಸುತ್ತಾನೆ, ಕೇಸು ಹೊರಟುಬಿಡುತ್ತದೆ. ಇದಕ್ಕೆ ರಿಮೂವಲ್ ಎನ್ನುತ್ತಾರೆ. ನಿಯಮಗಳೆಲ್ಲ ಅಲ್ಲಿನ ಕಾನೂನು ಸಂಹಿತೆಯ 28ನೇ ಟೈಟಲ್‌ನಲ್ಲಿ, 1441ನೇ ಸೆಕ್ಷನ್‌ನಿಂದ ಶುರುವಾಗುತ್ತವೆ.

ಅಪ್ಪಣೆ ಬೇಡ ಎಂದಾದ ಮೇಲೆ, ಸಲ್ಲಿಸುವ ಹೊತ್ತಿಗೆ ತಪ್ಪು ಹಿಡಿಯುವವರೂ ಇರುವುದಿಲ್ಲ. ತಪ್ಪು ಹೊರಬೀಳುವುದು ವಾರಗಳ ಅಥವಾ ತಿಂಗಳುಗಳ ನಂತರ. ಆಗ ಕೇಸು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಕೆಲವೊಮ್ಮೆ ಎದುರಾಳಿಯ ವಕೀಲರ ಫೀಸೂ ನಿಮ್ಮ ತಲೆಗೇ ಬರುತ್ತದೆ. ವಾಪಸ್ ಬರುವ ಕೇಸುಗಳಲ್ಲಿ ಪದೇ ಪದೇ ಕಾಣುವ ಕಾರಣ ಎರಡು: ಯಾರು ಎಲ್ಲಿಯ ಪೌರರು ಎಂಬುದನ್ನು ಸರಿಯಾಗಿ ವಿಚಾರಿಸದಿರುವುದು, ಮತ್ತು ದಿನದ ಲೆಕ್ಕ ತಪ್ಪುವುದು. ಈ ಲೇಖನದಲ್ಲಿ ಆ ಎರಡಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಅಲ್ಲಿ ಅಂಗಡಿ, ಸಾಫ್ಟ್‌ವೇರ್ ಕಂಪನಿ, ಬಾಡಿಗೆ ಮನೆ ಇಟ್ಟುಕೊಂಡವರಿಗೆ, ಬೆಂಗಳೂರಿನಿಂದ ಅಲ್ಲಿಗೆ ವ್ಯವಹಾರ ಮಾಡುವವರಿಗೆ ಇದು ಉಪಯೋಗಕ್ಕೆ ಬರಬೇಕು.

ಮೊದಲು: ಕೇಸು ಯಾವ ಕೋರ್ಟಿನಲ್ಲಿದೆ, ಎಲ್ಲಿಗೆ ಹೋಗಬೇಕು

ಸಮನ್ಸ್ ಕೈಗೆ ಬಂದ ಕೂಡಲೇ ಅದರ ತಲೆಬರಹ ಓದಿ. ಹೆಸರು ನೋಡಿ ಮೋಸಹೋಗುವುದು ಸುಲಭ. ನ್ಯೂಯಾರ್ಕ್‌ನಲ್ಲಿ ‘ಸುಪ್ರೀಂ ಕೋರ್ಟ್’ ಎಂದರೆ ರಾಜ್ಯದ ವಿಚಾರಣಾ ಕೋರ್ಟು, ಮೇಲಿನ ಕೋರ್ಟಲ್ಲ. ಟೆಕ್ಸಸ್‌ನಲ್ಲಿ ಬರೀ ‘ಡಿಸ್ಟ್ರಿಕ್ಟ್ ಕೋರ್ಟ್’ ಎಂದಿದ್ದರೆ ಅದು ರಾಜ್ಯದ್ದು. ಫೆಡರಲ್ ಆಗಿದ್ದರೆ ‘ಯುನೈಟೆಡ್ ಸ್ಟೇಟ್ಸ್ ಡಿಸ್ಟ್ರಿಕ್ಟ್ ಕೋರ್ಟ್’ ಎಂದೇ ಇರುತ್ತದೆ. ಹಾಗಿದ್ದರೆ ಒಯ್ಯುವ ಮಾತೇ ಇಲ್ಲ.

ಇಷ್ಟ ಬಂದ ಫೆಡರಲ್ ಕೋರ್ಟಿಗೆ ಹೋಗುವಂತಿಲ್ಲ. ರಾಜ್ಯ ಕೋರ್ಟು ಯಾವ ಫೆಡರಲ್ ಡಿಸ್ಟ್ರಿಕ್ಟಿನ, ಯಾವ ಡಿವಿಷನ್ನಿನ ವ್ಯಾಪ್ತಿಯಲ್ಲಿದೆಯೋ ಅಲ್ಲಿಗೇ ಹೋಗಬೇಕು. ದೇಶದಲ್ಲಿ ಒಟ್ಟು 94 ಡಿಸ್ಟ್ರಿಕ್ಟ್‌ಗಳಿವೆ. ನ್ಯೂಜೆರ್ಸಿ ಪೂರ್ತಿ ಒಂದೇ ಡಿಸ್ಟ್ರಿಕ್ಟ್. ಎಡಿಸನ್ ಇರುವ ಮಿಡಲ್‌ಸೆಕ್ಸ್ ಕೌಂಟಿಯ ಕೇಸೂ ಅಲ್ಲಿಗೇ. ಕ್ಯಾಲಿಫೋರ್ನಿಯಾ, ಟೆಕ್ಸಸ್, ನ್ಯೂಯಾರ್ಕ್‌ಗಳಲ್ಲಿ ನಾಲ್ಕು ನಾಲ್ಕು. ನಮ್ಮವರು ದಂಡಿಯಾಗಿರುವ ಡಲ್ಲಾಸ್ ಸುತ್ತಮುತ್ತ ಇದನ್ನು ಎಚ್ಚರದಿಂದ ನೋಡಬೇಕು: ಡಲ್ಲಾಸ್ ಕೌಂಟಿಯ ಕೇಸು ನಾರ್ದರ್ನ್ ಡಿಸ್ಟ್ರಿಕ್ಟಿಗೆ, ಪಕ್ಕದ ಕಾಲಿನ್ ಕೌಂಟಿಯದು ಈಸ್ಟರ್ನ್ ಡಿಸ್ಟ್ರಿಕ್ಟಿನ ಶೆರ್ಮನ್ ಡಿವಿಷನ್ನಿಗೆ. ಕಾರಿನಲ್ಲಿ ಅರ್ಧ ಗಂಟೆಯ ದಾರಿ, ಕೋರ್ಟು ಮಾತ್ರ ಬೇರೆ.

ಒಯ್ಯುವ ಹಕ್ಕು ಪ್ರತಿವಾದಿಗೆ ಮಾತ್ರ. ದಾವೆ ಹೂಡಿದವರ ಮೇಲೆಯೇ ಪ್ರತಿದಾವೆ ಬಿದ್ದರೂ ಅವರು ಒಯ್ಯುವಂತಿಲ್ಲ. 1941ರ ಶ್ಯಾಮ್‌ರಾಕ್ ಆಯಿಲ್ ತೀರ್ಪು ಇದನ್ನು ಗಟ್ಟಿ ಮಾಡಿತು. ಪ್ರತಿದಾವೆಯ ಮೂಲಕ ಹೊಸದಾಗಿ ಎಳೆದು ತಂದ ಮೂರನೆಯವರೂ ಒಯ್ಯುವಂತಿಲ್ಲ ಎಂದು 2019ರಲ್ಲಿ ಹೋಮ್ ಡಿಪೋ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಪಿರೈಟ್, ಪೇಟೆಂಟ್ ವಿಷಯಗಳಿಗೆ 1454ನೇ ಸೆಕ್ಷನ್ ಪ್ರತ್ಯೇಕ ದಾರಿ ಕೊಟ್ಟಿದೆ.

ಕೆಲವು ಕೇಸುಗಳನ್ನು 1445ನೇ ಸೆಕ್ಷನ್ ಪೂರ್ತಿ ತಡೆಯುತ್ತದೆ. ರಾಜ್ಯದ ಕಾರ್ಮಿಕ ಪರಿಹಾರ ಕಾನೂನಿನ ಕೇಸುಗಳು, ಗಾಯಗೊಂಡ ರೈಲ್ವೆ ನೌಕರರು ಫೆಡರಲ್ ಹೊಣೆಗಾರಿಕೆ ಕಾಯಿದೆಯಡಿ ಹೂಡಿದ ಕೇಸುಗಳು, ಸಾಗಣೆಯಲ್ಲಿ ಹಾಳಾದ ಸರಕಿನ ಬಗ್ಗೆ 10,000 ಡಾಲರ್ ಮೀರದ ಕೆಲವು ಕೇಸುಗಳು ಆ ಪಟ್ಟಿಯಲ್ಲಿವೆ. ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲನೆಯ ಆದೇಶ ಕೊಡುವುದು ಫೆಡರಲ್ ಕೋರ್ಟಿನ ಕೆಲಸವಲ್ಲ. ಗಂಡ ಒಂದು ರಾಜ್ಯ, ಹೆಂಡತಿ ಇನ್ನೊಂದು ರಾಜ್ಯ ಎಂದರೂ ಅಷ್ಟೇ.

ಎರಡನೆಯದು: ಯಾವ ಬಾಗಿಲು

ಫೆಡರಲ್ ಕೋರ್ಟಿಗೆ ಸಾಮಾನ್ಯವಾಗಿ ಎರಡು ಬಾಗಿಲು. ಒಂದು, ವಾದಿಯ ಬೇಡಿಕೆಯೇ ಫೆಡರಲ್ ಕಾನೂನಿನಿಂದ ಹುಟ್ಟಿರಬೇಕು. ಕೆಲಸದಲ್ಲಿ ತಾರತಮ್ಯ, ಓವರ್‌ಟೈಮ್ ಸಂಬಳ, ಕ್ರೆಡಿಟ್ ವರದಿಯ ತಪ್ಪು ಇವುಗಳ ಬಗ್ಗೆ ಫೆಡರಲ್ ಕಾಯಿದೆಯನ್ನೇ ಹಿಡಿದು ಹೂಡಿದ ಕೇಸಾದರೆ ಇಲ್ಲಿ ಹಣದ ಮಿತಿಯಿಲ್ಲ, ಯಾರು ಎಲ್ಲಿಯವರು ಎಂಬ ಪ್ರಶ್ನೆಯೂ ಇಲ್ಲ. ನೋಡಬೇಕಾದ್ದು ವಾದಪತ್ರವನ್ನು ಮಾತ್ರ. ‘ನನ್ನ ರಕ್ಷಣೆಗೆ ಫೆಡರಲ್ ಕಾನೂನಿದೆ’ ಎಂದು ಪ್ರತಿವಾದಿ ಹೇಳಿದರೆ ಸಾಲದು. 1908ರ ಮಾಟ್ಲಿ ಕೇಸಿನಲ್ಲಿ, ರೈಲು ಅಪಘಾತದ ರಾಜಿಗೆ ಬದಲಾಗಿ ಜೀವನಪರ್ಯಂತ ಉಚಿತ ಪಾಸು ಪಡೆದಿದ್ದ ದಂಪತಿ ಕೆಳಗಿನ ಕೋರ್ಟಿನಲ್ಲಿ ಗೆದ್ದಿದ್ದರು. ಫೆಡರಲ್ ಕಾನೂನು ಬರುವುದು ರೈಲ್ವೆಯ ಪ್ರತಿವಾದದಲ್ಲಿ, ವಾದಿಗಳ ಬೇಡಿಕೆಯಲ್ಲಲ್ಲ ಎಂದು ಸುಪ್ರೀಂ ಕೋರ್ಟ್ ತಾನಾಗಿಯೇ ಎತ್ತಿ, ಆ ಗೆಲುವನ್ನು ಅಳಿಸಿಹಾಕಿತು. ಎರಡೂ ಕಡೆಯವರು ಅದನ್ನು ಕೇಳಿಯೇ ಇರಲಿಲ್ಲ! ನ್ಯಾಯವ್ಯಾಪ್ತಿಯ ಪ್ರಶ್ನೆ ಯಾವ ಹಂತದಲ್ಲಾದರೂ ಏಳಬಹುದು ಎನ್ನುವುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಇದಕ್ಕೊಂದು ವಿನಾಯಿತಿಯಿದೆ. ಖಾಸಗಿ ಕಂಪನಿಯ ಆರೋಗ್ಯ ವಿಮೆ ಅಥವಾ ಪಿಂಚಣಿ ಯೋಜನೆಯ ಹಣ ಕೊಡಲಿಲ್ಲ ಎಂಬ ಕೇಸನ್ನು ಬರೀ ರಾಜ್ಯದ ಒಪ್ಪಂದ ಕಾನೂನಿನಡಿ ಹೂಡಿದ್ದರೂ, ಎರಿಸಾ ಎಂಬ ಫೆಡರಲ್ ಕಾಯಿದೆ ಅದನ್ನು ಪೂರ್ತಿ ಆವರಿಸಿಕೊಳ್ಳುವುದರಿಂದ ಒಯ್ಯಬಹುದು. ಇಂಥ ಕಾಯಿದೆಗಳು ಬೆರಳೆಣಿಕೆಯಷ್ಟು.

ಎರಡನೆಯ ಬಾಗಿಲು ಡೈವರ್ಸಿಟಿ: ಎರಡೂ ಕಡೆಯವರು ಬೇರೆ ಬೇರೆ ಕಡೆಯ ಪೌರರಾಗಿರಬೇಕು, ಮೊತ್ತ 75,000 ಡಾಲರ್ ಮೀರಿರಬೇಕು. ಒಬ್ಬನೇ ಒಬ್ಬ ವಾದಿ ಒಬ್ಬನೇ ಒಬ್ಬ ಪ್ರತಿವಾದಿಯ ರಾಜ್ಯದವನಾದರೂ ಬಾಗಿಲು ಮುಚ್ಚಿದಂತೆ. ಇದು 1806ರ ಸ್ಟ್ರಾಬ್ರಿಜ್ ತೀರ್ಪಿನಿಂದ ಬಂದದ್ದು.

ಮೂರನೆಯದು: ಯಾರು ಎಲ್ಲಿಯ ಪೌರರು

ವಕೀಲರನ್ನು ಕಾಣುವ ಮುಂಚೆಯೇ ಈ ಪಟ್ಟಿ ಕೈಯಲ್ಲಿರಲಿ. ಒಂದು ಹಾಳೆಯಲ್ಲಿ ಪ್ರತಿಯೊಬ್ಬ ವಾದಿ, ಪ್ರತಿಯೊಬ್ಬ ಪ್ರತಿವಾದಿಯ ಹೆಸರು ಬರೆದು, ಎದುರಿಗೆ ಎರಡು ಕಲಂ ಹಾಕಿ: ಕೇಸು ರಾಜ್ಯ ಕೋರ್ಟಿನಲ್ಲಿ ದಾಖಲಾದ ದಿನ ಅವರ ಪೌರತ್ವ ಏನಿತ್ತು, ನೀವು ನೋಟಿಸ್ ಸಲ್ಲಿಸುವ ದಿನ ಏನಿದೆ. ಎರಡೂ ದಿನ ಭಿನ್ನತೆ ಇರಬೇಕು.

ಅಮೆರಿಕದ ಪೌರರಾದ ವ್ಯಕ್ತಿಯ ರಾಜ್ಯವನ್ನು ಅವರ ಕಾಯಂ ನೆಲೆಯಿಂದ ನಿರ್ಧರಿಸುತ್ತಾರೆ. ಸದ್ಯ ಎಲ್ಲಿ ಇದ್ದಾರೆ ಎಂಬುದಲ್ಲ, ಎಲ್ಲಿ ನೆಲೆಸುವ ಉದ್ದೇಶದಿಂದ ಇದ್ದಾರೆ ಎಂಬುದು ಮುಖ್ಯ. ಡ್ರೈವಿಂಗ್ ಲೈಸೆನ್ಸ್, ಮತದಾರರ ನೋಂದಣಿ, ತೆರಿಗೆ ರಿಟರ್ನ್, ಮನೆ, ಮಕ್ಕಳ ಶಾಲೆ ಇವೇ ಪುರಾವೆ. ನೋಟಿಸ್‌ನಲ್ಲಿ ‘ನಿವಾಸಿ’ ಎಂದಷ್ಟೇ ಬರೆಯುವುದು ತೀರಾ ಸಾಮಾನ್ಯವಾದ ಲೋಪ.

ನಮ್ಮವರ ವಿಷಯದಲ್ಲಿ ಲೆಕ್ಕ ಸ್ವಲ್ಪ ಸಿಕ್ಕು. ಎಚ್-1ಬಿ ವೀಸಾದಲ್ಲಿರುವ ಭಾರತೀಯರು ಹತ್ತು ವರ್ಷದಿಂದ ಸನಿವೇಲ್‌ನಲ್ಲಿದ್ದರೂ ಕಾನೂನಿನ ಕಣ್ಣಿಗೆ ವಿದೇಶಿ ಪೌರರೇ. ಅವರ ಮೇಲೆ ಕ್ಯಾಲಿಫೋರ್ನಿಯಾದ ಪೌರರೊಬ್ಬರು ಅಲ್ಲಿನ ರಾಜ್ಯ ಕೋರ್ಟಿನಲ್ಲಿ ಕೇಸು ಹಾಕಿದರೆ ಡೈವರ್ಸಿಟಿ ಇದೆ, ಒಯ್ಯಬಹುದು. ಗ್ರೀನ್ ಕಾರ್ಡ್ ಬಂದು, ಎದುರಾಳಿ ಇರುವ ರಾಜ್ಯದಲ್ಲೇ ಕಾಯಂ ನೆಲೆ ಇದ್ದರೆ 1332ನೇ ಸೆಕ್ಷನ್ ಅದನ್ನು ತಡೆಯುತ್ತದೆ. ಹಾಗೆಂದು ಗ್ರೀನ್ ಕಾರ್ಡಿನವರು ಆ ರಾಜ್ಯದ ಪೌರರಾಗಿಬಿಡುವುದಿಲ್ಲ, ವಿದೇಶಿಯರಾಗಿಯೇ ಉಳಿಯುತ್ತಾರೆ. ಆದ್ದರಿಂದ ಎಚ್-1ಬಿ ಆಗಲಿ ಗ್ರೀನ್ ಕಾರ್ಡ್ ಆಗಲಿ, ಭಾರತೀಯ ನೌಕರನೊಬ್ಬ ಭಾರತದಲ್ಲಿ ನೋಂದಾಯಿತವಾದ ಕಂಪನಿಯ ಮೇಲೆ ಹೂಡಿದ ಕೇಸಿನಲ್ಲಿ ಎರಡೂ ಕಡೆ ವಿದೇಶಿಯರೇ ಆಗುತ್ತಾರೆ, ಡೈವರ್ಸಿಟಿ ಸಿಗದು. ಕಂಪನಿಗೆ ಒಯ್ಯಬೇಕೆಂದಿದ್ದರೆ ಫೆಡರಲ್ ಕಾನೂನಿನ ಬಾಗಿಲೇ ಗತಿ.

ಇನ್ನೂ ವಿಚಿತ್ರವಾದದ್ದು ವಾಪಸ್ ಬಂದವರದು. ಅಮೆರಿಕದ ಪೌರತ್ವ ಪಡೆದು, ಒಸಿಐ ಕಾರ್ಡ್ ಹಿಡಿದು ಮೈಸೂರಿಗೆ ಬಂದು ಕಾಯಂ ಆಗಿ ನೆಲೆಸಿದವರು ಅಮೆರಿಕದ ಯಾವ ರಾಜ್ಯಕ್ಕೂ ಸೇರುವುದಿಲ್ಲ, ಏಕೆಂದರೆ ನೆಲೆ ಅಲ್ಲಿಲ್ಲ. ಭಾರತದ ಪೌರರೂ ಅಲ್ಲ, ಏಕೆಂದರೆ ಒಸಿಐ ಪೌರತ್ವವಲ್ಲ. ಇಂಥವರು ವಾದಿಯಾಗಿರಲಿ ಪ್ರತಿವಾದಿಯಾಗಿರಲಿ, ಆ ಕೇಸಿಗೆ ಡೈವರ್ಸಿಟಿಯೇ ಇಲ್ಲ. ಸುಪ್ರೀಂ ಕೋರ್ಟ್ 1989ರಲ್ಲಿ ನ್ಯೂಮನ್-ಗ್ರೀನ್ ಕೇಸಿನಲ್ಲಿ ಇದನ್ನು ನೇರವಾಗಿ ಹೇಳಿದೆ. ಅಲ್ಲಿ ಪೌರತ್ವದ ತೊಡಕಾಗಿದ್ದು ವೆನೆಜುವೆಲಾದಲ್ಲಿ ನೆಲೆಸಿದ್ದ ಒಬ್ಬ ಅಮೆರಿಕನ್.

ಕಾರ್ಪೊರೇಷನ್ (ಷೇರುದಾರರ ಕಂಪನಿ) ಆದರೆ ಎರಡು ಕಡೆ ಪೌರತ್ವ: ನೋಂದಣಿಯಾದ ಕಡೆ, ಮತ್ತು ಮುಖ್ಯ ಕಚೇರಿ ಇರುವ ಕಡೆ. ಮುಖ್ಯ ಕಚೇರಿ ಎಂದರೆ ಹೆಚ್ಚು ಅಂಗಡಿಗಳಿರುವ ರಾಜ್ಯವಲ್ಲ, ಮೇಲಿನ ಅಧಿಕಾರಿಗಳು ಕೂತು ತೀರ್ಮಾನ ಮಾಡುವ ಜಾಗ (2010ರ ಹರ್ಟ್ಸ್ ತೀರ್ಪು). ಎಲ್‌ಎಲ್‌ಸಿಗೆ, ಅಂದರೆ ಸದಸ್ಯರು ಸೇರಿ ಮಾಡಿಕೊಳ್ಳುವ ಸೀಮಿತ ಹೊಣೆಗಾರಿಕೆಯ ಕಂಪನಿಗೆ, ಈ ಲೆಕ್ಕ ನಡೆಯದು. ಅದು ಡೆಲಾವೇರ್‌ನಲ್ಲಿ ನೋಂದಣಿಯಾಗಿದೆ ಎಂಬುದಕ್ಕೆ ಇಲ್ಲಿ ಬೆಲೆಯೇ ಇಲ್ಲ. ಅದರ ಪ್ರತಿಯೊಬ್ಬ ಸದಸ್ಯ ಎಲ್ಲಿಯ ಪೌರನೋ ಎಲ್‌ಎಲ್‌ಸಿಯೂ ಅಲ್ಲಿಯದು. ಸದಸ್ಯ ಇನ್ನೊಂದು ಎಲ್‌ಎಲ್‌ಸಿಯಾದರೆ ಅದರ ಸದಸ್ಯರು, ಅವರಲ್ಲಿ ಮತ್ತೊಂದಿದ್ದರೆ ಅದರವರು, ಹೀಗೆ ಈರುಳ್ಳಿ ಸಿಪ್ಪೆ ಬಿಡಿಸಿದಂತೆ ಕೊನೆಯ ಮನುಷ್ಯನವರೆಗೂ ಹೋಗಬೇಕು. ಐದು ಗೆಳೆಯರು ಸೇರಿ ಹೋಟೆಲ್ ಎಲ್‌ಎಲ್‌ಸಿ ಮಾಡಿಕೊಂಡು, ಅವರಲ್ಲಿ ಒಬ್ಬರು ಅಮೆರಿಕದ ಪಾಸ್‌ಪೋರ್ಟಿನೊಂದಿಗೆ ಮೈಸೂರಿಗೆ ಮರಳಿದ್ದರೆ, ಆ ಒಬ್ಬರಿಂದಾಗಿ ಇಡೀ ಎಲ್‌ಎಲ್‌ಸಿಗೆ ಡೈವರ್ಸಿಟಿ ತಪ್ಪುತ್ತದೆ. ಪಾಲು ಎಷ್ಟು ಸಣ್ಣದು ಎಂದು ಯಾರೂ ಕೇಳುವುದಿಲ್ಲ.

ಬರೆಯುವಾಗ ವ್ಯತ್ಯಾಸ ಹೀಗೆ ಕಾಣುತ್ತದೆ. ತಪ್ಪಾದದ್ದು: ‘ವಾದಿ ನ್ಯೂಜೆರ್ಸಿಯ ನಿವಾಸಿ, ಪ್ರತಿವಾದಿ ಟೆಕ್ಸಸ್‌ನ ಎಲ್‌ಎಲ್‌ಸಿ.’ ಸರಿಯಾದದ್ದು: ‘ವಾದಿ ನ್ಯೂಜೆರ್ಸಿಯಲ್ಲಿ ಕಾಯಂ ನೆಲೆಯುಳ್ಳ, ಆ ರಾಜ್ಯದ ಪೌರ. ಪ್ರತಿವಾದಿ ಎಲ್‌ಎಲ್‌ಸಿಗೆ ಇಬ್ಬರೇ ಸದಸ್ಯರು. ಒಬ್ಬರು ಟೆಕ್ಸಸ್‌ನಲ್ಲಿ ಕಾಯಂ ನೆಲೆಯುಳ್ಳ ಟೆಕ್ಸಸ್ ಪೌರರು. ಇನ್ನೊಬ್ಬರು ಭಾರತದ ಪೌರರು, ಅಮೆರಿಕದಲ್ಲಿ ಕಾಯಂ ವಾಸದ ಹಕ್ಕು ಪಡೆದವರಲ್ಲ. ಕೇಸು ದಾಖಲಾದ ದಿನವೂ ಇಂದೂ ಸ್ಥಿತಿ ಇದೇ.’

ಇದೆಲ್ಲ ಸರಿಯಿದ್ದರೂ ಒಂದು ಅಡ್ಡಗೋಡೆ ಉಳಿದಿದೆ. ಬರೀ ಡೈವರ್ಸಿಟಿಯ ಆಧಾರದ ಮೇಲೆ ಒಯ್ಯುವಾಗ, ಸಮನ್ಸ್ ಜಾರಿಯಾದ ಪ್ರತಿವಾದಿಗಳಲ್ಲಿ ಒಬ್ಬರಾದರೂ ಕೇಸು ನಡೆಯುತ್ತಿರುವ ರಾಜ್ಯದ ಪೌರರಾಗಿದ್ದರೆ ಒಯ್ಯುವಂತಿಲ್ಲ. ಸ್ವಂತ ರಾಜ್ಯದ ಕೋರ್ಟಿನಲ್ಲಿ ನಿಮಗೆ ಪಕ್ಷಪಾತದ ಭಯವೇಕೆ ಎಂಬುದು ಇದರ ಹಿಂದಿನ ತರ್ಕ. ಆ ಪ್ರತಿವಾದಿಗೆ ಸಮನ್ಸ್ ಜಾರಿಯಾಗುವ ಮುನ್ನವೇ ಓಡಿಹೋಗಿ ನೋಟಿಸ್ ಹಾಕುವ ಉಪಾಯವನ್ನು ಎರಡನೇ, ಮೂರನೇ, ಐದನೇ ಸರ್ಕ್ಯೂಟ್‌ಗಳು (ಪ್ರಾದೇಶಿಕ ಫೆಡರಲ್ ಅಪೀಲು ಕೋರ್ಟುಗಳು) ಒಪ್ಪಿವೆ. ಎಲ್ಲ ಕಡೆ ನಡೆಯುತ್ತದೆ ಎಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ ‘ಡೋ 1ರಿಂದ 50’ ಎಂದು ಹೆಸರಿಲ್ಲದ ಪ್ರತಿವಾದಿಗಳನ್ನು ಸೇರಿಸಿರುತ್ತಾರೆ. ಅವರ ಪೌರತ್ವವನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ನಾಲ್ಕನೆಯದು: 75,000ದ ಲೆಕ್ಕ

ಸರಿಯಾಗಿ 75,000 ಇದ್ದರೆ ಸಾಲದು, ಮೀರಿರಬೇಕು. ಬಡ್ಡಿ ಮತ್ತು ಕೋರ್ಟು ಖರ್ಚು ಸೇರಿಸುವಂತಿಲ್ಲ. ಕಾನೂನು ಅಥವಾ ಒಪ್ಪಂದದ ಪ್ರಕಾರ ಸೋತವರು ವಕೀಲರ ಫೀಸು ಕೊಡಬೇಕಾಗಿದ್ದರೆ ಅದನ್ನು ಸೇರಿಸಬಹುದು. ಒಬ್ಬ ವಾದಿ ಒಬ್ಬ ಪ್ರತಿವಾದಿಯಿಂದ ಕೇಳುವ ಬೇರೆ ಬೇರೆ ಮೊತ್ತಗಳನ್ನು ಕೂಡಿಸಬಹುದು.

ವಾದಪತ್ರದಲ್ಲಿ ಮೊತ್ತವೇ ಇಲ್ಲದಿದ್ದರೆ? ಕ್ಯಾಲಿಫೋರ್ನಿಯಾದಲ್ಲಿ ಗಾಯದ ಪರಿಹಾರದ ಕೇಸುಗಳಲ್ಲಿ ಮೊತ್ತ ಬರೆಯುವುದಕ್ಕೇ ಅವಕಾಶವಿಲ್ಲ. ಆಗ ನೋಟಿಸ್‌ನಲ್ಲಿ ನೀವೇ ನಂಬಲರ್ಹವಾಗಿ ಹೇಳಬೇಕು. ಸಲ್ಲಿಸುವಾಗಲೇ ಪುರಾವೆ ಬೇಕಿಲ್ಲ ಎಂದು 2014ರ ಡಾರ್ಟ್ ಚೆರೋಕಿ ತೀರ್ಪು ಹೇಳಿದೆ, ಆದರೆ ವಾದಿ ತಕರಾರು ತೆಗೆದರೆ ಬೇಕೇ ಬೇಕು. ಆಸ್ಪತ್ರೆ ಬಿಲ್ಲು, ಸಂಬಳದ ಚೀಟಿ, ಕೇಸಿಗೆ ಮುಂಚೆ ಅವರ ವಕೀಲರು ಕಳಿಸಿದ ಬೇಡಿಕೆ ಪತ್ರ ಇವನ್ನು ಎತ್ತಿಟ್ಟುಕೊಳ್ಳಿ. ವರ್ಷಕ್ಕೆ ಇಷ್ಟು ಸಂಬಳ, ಇಷ್ಟು ತಿಂಗಳು ಕೆಲಸವಿಲ್ಲ ಎಂಬ ಸರಳ ಗುಣಾಕಾರ, ‘ಇಂಥ ಕೇಸುಗಳಲ್ಲಿ ದೊಡ್ಡ ಮೊತ್ತ ಸಿಗುತ್ತದೆ’ ಎಂಬ ಮಾತಿಗಿಂತ ಎಷ್ಟೋ ಗಟ್ಟಿ.

ಐದನೆಯದು: ದಿನದ ಲೆಕ್ಕ

ವಾದಪತ್ರ ವಿಧಿವತ್ತಾಗಿ ಜಾರಿಯಾದ ದಿನದಿಂದ 30 ದಿನ. ಕೋರ್ಟು ಇದನ್ನು ಹಿಗ್ಗಿಸುವುದಿಲ್ಲ. ಎದುರಾಳಿಯ ವಕೀಲರು ‘ಪರವಾಗಿಲ್ಲ, ಸಮಯ ತಗೊಳ್ಳಿ’ ಎಂದಿದ್ದು ಉತ್ತರ ಸಲ್ಲಿಸುವ ವಾಯಿದೆಗೆ ಮಾತ್ರ ಎಂದು ತಿಳಿಯಿರಿ. ಫ್ಯಾಕ್ಸ್‌ನಲ್ಲಿ ಸೌಜನ್ಯಕ್ಕೆ ಕಳಿಸಿದ ನಕಲಿನಿಂದ ಗಡಿಯಾರ ಓಡಲು ಶುರುವಾಗದು ಎಂದು 1999ರ ಮರ್ಫಿ ಬ್ರದರ್ಸ್ ತೀರ್ಪು ಹೇಳಿದೆ. ಕಂಪನಿಯಾದರೆ, ಕೋರ್ಟಿನ ಕಾಗದ ಪಡೆಯಲು ನೀವು ನೇಮಿಸಿದ ರಿಜಿಸ್ಟರ್ಡ್ ಏಜೆಂಟ್ ಕೈಗೆ ಕಾಗದ ಬಂದ ದಿನವೇ ಲೆಕ್ಕ, ಅವರು ನಿಮಗೆ ಫಾರ್ವರ್ಡ್ ಮಾಡಿದ ದಿನವಲ್ಲ. ವಿಮೆ ಇದ್ದರೆ ಮೊದಲ ದಿನವೇ ವಿಮಾ ಕಂಪನಿಗೆ ತಿಳಿಸಿ. ಅವರು ವಕೀಲರನ್ನು ಗೊತ್ತುಮಾಡುವುದರೊಳಗೆ ಮೂರು ವಾರ ಕಳೆದುಹೋಗುವುದು ಹೊಸದೇನಲ್ಲ.

ಲೆಕ್ಕ ಹೀಗೆ. ಎಡಿಸನ್‌ನ ಕೇಸೊಂದರಲ್ಲಿ 2025ರ ಮಾರ್ಚ್ 3, ಸೋಮವಾರ ಸಮನ್ಸ್ ಜಾರಿಯಾಯಿತು ಎನ್ನಿ. ಜಾರಿಯಾದ ದಿನ ಬಿಟ್ಟು, ಮಾರ್ಚ್ 4 ಮೊದಲ ದಿನ. ಮೂವತ್ತನೆಯ ದಿನ ಏಪ್ರಿಲ್ 2, ಬುಧವಾರ. ಶನಿವಾರ, ಭಾನುವಾರ ಅಥವಾ ಸರ್ಕಾರಿ ರಜೆಯಾಗಿದ್ದರೆ ಮುಂದಿನ ಕೆಲಸದ ದಿನಕ್ಕೆ ಹೋಗುತ್ತಿತ್ತು. ನೀವು ಮಾರ್ಚ್ 28, ಶುಕ್ರವಾರ ನೋಟಿಸ್ ಸಲ್ಲಿಸಿದಿರಿ ಎಂದುಕೊಳ್ಳಿ. ಈ ದಿನಾಂಕ ಮುಂದೆ ಮತ್ತೆ ಬೇಕಾಗುತ್ತದೆ.

ಪ್ರತಿವಾದಿಗಳು ಹಲವರಿದ್ದರೆ ಪ್ರತಿಯೊಬ್ಬರಿಗೂ ಅವರವರಿಗೆ ಜಾರಿಯಾದ ದಿನದಿಂದ 30 ದಿನ. ತಡವಾಗಿ ಜಾರಿಯಾದವರು ಒಯ್ದರೆ, ವಾಯಿದೆ ಮುಗಿದುಹೋಗಿದ್ದ ಮೊದಲಿನವರೂ ಒಪ್ಪಿಗೆ ಕೊಡಬಹುದು. 2011ರ ತಿದ್ದುಪಡಿಯಿಂದ ಇದು ಸ್ಪಷ್ಟವಾಗಿದೆ.

ಶುರುವಿನಲ್ಲಿ ಒಯ್ಯಲಾಗದ ಕೇಸು ಆಮೇಲೆ ಒಯ್ಯಬಹುದಾದದ್ದಾಗುವುದೂ ಉಂಟು. ಅಡ್ಡಿಯಾಗಿದ್ದ ಸ್ಥಳೀಯ ಪ್ರತಿವಾದಿಯನ್ನು ವಾದಿಯೇ ಕೈಬಿಟ್ಟರೆ ಅಥವಾ ಮೊತ್ತ 75,000 ಮೀರಿದೆ ಎಂದು ಪ್ರಶ್ನಾವಳಿಯ ಉತ್ತರದಲ್ಲಿ ಒಪ್ಪಿಕೊಂಡರೆ, ಆ ಕಾಗದ ಕೈಸೇರಿದ ದಿನದಿಂದ ಹೊಸದಾಗಿ 30 ದಿನ. ಹೀಗೆ ತಡವಾಗಿ ಡೈವರ್ಸಿಟಿ ಹಿಡಿದು ಒಯ್ಯುವುದಕ್ಕೆ ಕೇಸು ದಾಖಲಾಗಿ ಒಂದು ವರ್ಷ ದಾಟಿರಬಾರದು. ಒಯ್ಯದಂತೆ ತಡೆಯಲೆಂದೇ ವಾದಿ ಕುಟಿಲವಾಗಿ ನಡೆದುಕೊಂಡಿದ್ದರೆ ಮಾತ್ರ ವಿನಾಯಿತಿ.

ಬೆಂಗಳೂರಿನಲ್ಲಿರುವ ಕಂಪನಿಗೆ ಇನ್ನೊಂದು ವಿಷಯ. ಭಾರತ ಹೇಗ್ ಸಮನ್ಸ್ ಒಪ್ಪಂದದಲ್ಲಿದೆ, ಅಂಚೆಯ ಮೂಲಕ ಜಾರಿ ಮಾಡುವುದನ್ನು ಒಪ್ಪಿಲ್ಲ. ಕೇಂದ್ರ ಕಾನೂನು ಸಚಿವಾಲಯದ ಮೂಲಕವೇ ಬರಬೇಕು. ಕೊರಿಯರ್‌ನಲ್ಲಿ ಬಂದ ಸಮನ್ಸಿನಿಂದ 30 ದಿನ ಶುರುವಾಗಿಲ್ಲ ಎಂದು ವಾದಿಸಬಹುದು. ಆದರೆ ಅದನ್ನೇ ನಂಬಿ ಕೈಕಟ್ಟಿ ಕೂರುವುದು ಜಾಣತನವಲ್ಲ. ಕೊರಿಯರ್ ಬಂದ ದಿನದಿಂದಲೇ ಎಣಿಸಿ. ರಿಮೂವಲ್ ಮಾಡಿದ ಮಾತ್ರಕ್ಕೆ ‘ಜಾರಿ ಸರಿಯಿಲ್ಲ, ಈ ಕೋರ್ಟಿಗೆ ನನ್ನ ಮೇಲೆ ಅಧಿಕಾರವಿಲ್ಲ’ ಎಂಬ ತಕರಾರುಗಳು ಬಿದ್ದುಹೋಗುವುದಿಲ್ಲ.

ಈ 30 ದಿನಗಳಲ್ಲಿ ರಾಜ್ಯ ಕೋರ್ಟಿನಲ್ಲಿ ಹೆಚ್ಚು ಓಡಾಡಬೇಡಿ. ಪ್ರತಿದಾವೆ ಹೂಡಿ, ಕೇಸನ್ನೇ ತೀರ್ಮಾನಿಸಿ ಎಂದು ಅರ್ಜಿ ಹಾಕಿ, ಆಮೇಲೆ ಒಯ್ಯಲು ಹೋದರೆ ‘ಈ ಕೋರ್ಟನ್ನೇ ಒಪ್ಪಿಕೊಂಡಿದ್ದೀರಿ’ ಎನ್ನುತ್ತಾರೆ. ಒಪ್ಪಂದ ಪತ್ರವನ್ನೂ ತೆಗೆದು ನೋಡಿ. ‘ಇಂಥ ಕೌಂಟಿಯ ರಾಜ್ಯ ಕೋರ್ಟಿನಲ್ಲೇ’ ಎಂಬ ಷರತ್ತಿಗೆ ಸಹಿ ಹಾಕಿದ್ದರೆ ಹಕ್ಕು ಬಿಟ್ಟುಕೊಟ್ಟಂತೆ.

ಆರನೆಯದು: ಕಾಗದಗಳು

ನೋಟಿಸ್ ಆಫ್ ರಿಮೂವಲ್ ಉದ್ದ ಇರಬೇಕಿಲ್ಲ. ಯಾವ ಬಾಗಿಲಿನಿಂದ ಬಂದಿದ್ದೀರಿ, ಅದಕ್ಕೆ ಬೇಕಾದ ಸಂಗತಿಗಳು, ಜಾರಿಯಾದ ದಿನಾಂಕ ಮತ್ತು 30 ದಿನದ ಒಳಗಿದೆ ಎಂಬ ಮಾತು, ಈ ಡಿಸ್ಟ್ರಿಕ್ಟ್ ಏಕೆ ಸರಿ ಎಂಬುದು, ಉಳಿದ ಪ್ರತಿವಾದಿಗಳ ಒಪ್ಪಿಗೆ, ಕೊನೆಗೆ ಸಹಿ. ಸಹಿ ಹಾಕಿದವರು ಫೆಡರಲ್ ಸಿವಿಲ್ ನಿಯಮ 11ರ ಪ್ರಕಾರ ಅಲ್ಲಿ ಬರೆದದ್ದಕ್ಕೆ ಹೊಣೆ. ಎರಡು ಬಾಗಿಲೂ ತೆರೆದಿದ್ದರೆ ಎರಡನ್ನೂ ಬರೆಯಿರಿ; 30 ದಿನ ಕಳೆದ ಮೇಲೆ ಹೇಳಿದ್ದನ್ನು ತಿದ್ದಬಹುದು, ಹೊಸ ಆಧಾರ ಸೇರಿಸಲು ಬಿಡುವುದಿಲ್ಲ.

ನಿಮಗೆ ಜಾರಿಯಾದ ಸಮನ್ಸ್, ವಾದಪತ್ರ, ಆದೇಶಗಳ ನಕಲನ್ನೆಲ್ಲ ಲಗತ್ತಿಸಬೇಕು. ಕೆಲವು ಡಿಸ್ಟ್ರಿಕ್ಟ್‌ಗಳ ಲೋಕಲ್ ರೂಲ್ಸ್ ಇನ್ನೂ ಹೆಚ್ಚು ಕೇಳುತ್ತವೆ. ಟೆಕ್ಸಸ್‌ನ ನಾರ್ದರ್ನ್ ಡಿಸ್ಟ್ರಿಕ್ಟಿನ ರೂಲ್ 81.1, ರಾಜ್ಯ ಕೋರ್ಟಿನ ಡಾಕೆಟ್ ಪಟ್ಟಿಯನ್ನೂ (ಕೇಸಿನಲ್ಲಿ ನಡೆದದ್ದರ ದಿನವಾರು ಪಟ್ಟಿ) ಅಲ್ಲಿ ಸಲ್ಲಿಕೆಯಾದ ಪ್ರತಿ ದಾಖಲೆಯನ್ನೂ ಸೂಚಿಯೊಂದಿಗೆ ಕೇಳುತ್ತದೆ. ಹಿಂದಿನ ದಿನವೇ ರಾಜ್ಯ ಕೋರ್ಟಿನ ಪೂರ್ತಿ ಕಡತವನ್ನು ತರಿಸಿಕೊಳ್ಳುವುದು ಲೇಸು. ಇದರ ಜೊತೆಗೆ ಸಿವಿಲ್ ಕವರ್ ಶೀಟ್ ಎಂಬ ಜೆಎಸ್ 44 ನಮೂನೆ, 405 ಡಾಲರ್ ಶುಲ್ಕ. ಡೈವರ್ಸಿಟಿ ಕೇಸಾದರೆ ನಿಯಮ 7.1ರ ಪ್ರಕಾರ ಪೌರತ್ವದ ಪ್ರತ್ಯೇಕ ಹೇಳಿಕೆಯೂ ಬೇಕು. 2022ರ ಡಿಸೆಂಬರ್ 1ರಿಂದ ಎಲ್‌ಎಲ್‌ಸಿಗಳು ಎಲ್ಲ ಸದಸ್ಯರ ಪೌರತ್ವವನ್ನು ಇದರಲ್ಲಿ ಬಿಚ್ಚಿಡಬೇಕು. ಪಾಲುದಾರರ ವಿವರ ಹೊರಬೀಳುವುದು ಇಷ್ಟವಿಲ್ಲದವರು ರಿಮೂವಲ್‌ಗೆ ಮುಂಚೆಯೇ ಇದನ್ನು ಯೋಚಿಸಬೇಕು.

ಸಮನ್ಸ್ ಜಾರಿಯಾದ ಎಲ್ಲ ಪ್ರತಿವಾದಿಗಳೂ ಒಪ್ಪಬೇಕು. ಒಬ್ಬರ ವಕೀಲರು ‘ಎಲ್ಲರೂ ಒಪ್ಪಿದ್ದಾರೆ’ ಎಂದು ಬರೆದರೆ ಕೆಲವು ಸರ್ಕ್ಯೂಟ್‌ಗಳಲ್ಲಿ ನಡೆಯುತ್ತದೆ, ಕೆಲವೆಡೆ ಇಲ್ಲ. ಪ್ರತಿಯೊಬ್ಬರಿಂದಲೂ ಸಹಿ ಹಾಕಿದ ಒಪ್ಪಿಗೆ ಪತ್ರ ತೆಗೆದುಕೊಂಡು, ಅದೇ 30 ದಿನದೊಳಗೆ ಸಲ್ಲಿಸಿದರೆ ಎಲ್ಲೆಡೆಯೂ ಸಲ್ಲುತ್ತದೆ. ಹಲವು ರಾಜ್ಯಗಳ ಜನ ಸೇರಿ, ಒಟ್ಟು 50 ಲಕ್ಷ ಡಾಲರ್ ಮೀರಿ ಕೇಳುವ ಕ್ಲಾಸ್ ಆ್ಯಕ್ಷನ್‌ಗಳಿಗೆ 2005ರ ಕಾಯಿದೆ ಬೇರೆ ನಿಯಮ ಮಾಡಿದೆ: ಅಲ್ಲಿ ಒಪ್ಪಿಗೆಯೂ ಬೇಡ, ಒಂದು ವರ್ಷದ ಮಿತಿಯೂ ಇಲ್ಲ.

ವಕೀಲರಿಲ್ಲದೆ ಮಾಡಬಹುದೇ? ವ್ಯಕ್ತಿಯಾಗಿ ನಿಮ್ಮ ಮೇಲೆ ಕೇಸಿದ್ದರೆ ಮಾಡಬಹುದು. ಕಾರ್ಪೊರೇಷನ್, ಎಲ್‌ಎಲ್‌ಸಿಗಳು ಫೆಡರಲ್ ಕೋರ್ಟಿನಲ್ಲಿ ವಕೀಲರ ಮೂಲಕವೇ ಹಾಜರಾಗಬೇಕು. ನೂರಕ್ಕೆ ನೂರು ಪಾಲು ನಿಮ್ಮದೇ ಆದರೂ ನೀವೇ ಸಹಿ ಹಾಕಿ ಸಲ್ಲಿಸುವಂತಿಲ್ಲ. ವಕೀಲರಿಗೆ ಆ ಫೆಡರಲ್ ಡಿಸ್ಟ್ರಿಕ್ಟಿನಲ್ಲಿ ಪ್ರವೇಶ ಇದೆಯೇ ಎಂದು ಕೇಳಿ. ರಾಜ್ಯದ ಸನ್ನದು ಇದ್ದ ಮಾತ್ರಕ್ಕೆ ಅದು ಇರುವುದಿಲ್ಲ.

ಏಳನೆಯದು: ಅದೇ ದಿನ ರಾಜ್ಯ ಕೋರ್ಟಿಗೂ

ಫೆಡರಲ್ ಕೋರ್ಟಿನಲ್ಲಿ ಕೇಸ್ ನಂಬರ್ ಬಿದ್ದಾಗ ಅರ್ಧ ಕೆಲಸವಷ್ಟೇ ಆಗಿರುತ್ತದೆ. ನೋಟಿಸ್‌ನ ನಕಲನ್ನು ರಾಜ್ಯ ಕೋರ್ಟಿನ ಕ್ಲರ್ಕ್ ಬಳಿ ಸಲ್ಲಿಸಬೇಕು, ವಾದಿಗೆ ಲಿಖಿತವಾಗಿ ತಿಳಿಸಬೇಕು. ರಾಜ್ಯ ಕೋರ್ಟಿನ ಕೈ ಕಟ್ಟುವುದು ಈ ಸಲ್ಲಿಕೆಯೇ. ಆ ಮೇಲೆ ಅಲ್ಲಿ ಆದ ಆದೇಶಕ್ಕೆ ಬೆಲೆಯಿಲ್ಲ. ಸಲ್ಲಿಸಲು ಮರೆತರೆ ಅತ್ತ ರಾಜ್ಯ ಕೋರ್ಟು ‘ಪ್ರತಿವಾದಿ ಹಾಜರಿಲ್ಲ’ ಎಂದು ಡಿಫಾಲ್ಟ್ ಬರೆದು, ಅದನ್ನು ಬಿಡಿಸಿಕೊಳ್ಳುವುದೇ ಇನ್ನೊಂದು ವ್ಯಾಜ್ಯವಾಗುತ್ತದೆ. ಎರಡೂ ಸಲ್ಲಿಕೆಯನ್ನು ಒಂದೇ ದಿನ, ಒಂದರ ಹಿಂದೆ ಒಂದು ಮುಗಿಸಿ, ಮೊಹರು ಬಿದ್ದ ನಕಲು ಇಟ್ಟುಕೊಳ್ಳಿ.

ಹೋದ ಮೇಲೆ

ಮೊದಲು ಉತ್ತರದ ವಾಯಿದೆ. ಇನ್ನೂ ಉತ್ತರ ಸಲ್ಲಿಸಿರದಿದ್ದರೆ ನಿಯಮ 81(ಸಿ) ಪ್ರಕಾರ, ಜಾರಿಯಿಂದ 21 ದಿನ ಅಥವಾ ರಿಮೂವಲ್‌ನಿಂದ 7 ದಿನ, ಯಾವುದು ತಡವೋ ಅದು. ನಮ್ಮ ಎಡಿಸನ್ ಕೇಸಿನಲ್ಲಿ 21 ದಿನ ಮಾರ್ಚ್ 24ಕ್ಕೇ ಮುಗಿದಿತ್ತು. 7 ದಿನ ಏಪ್ರಿಲ್ 4ಕ್ಕೆ. ಆದ್ದರಿಂದ ಏಪ್ರಿಲ್ 4. ನ್ಯೂಜೆರ್ಸಿಯ ರಾಜ್ಯ ನಿಯಮದಲ್ಲಿ 35 ದಿನ ಇತ್ತಲ್ಲ ಎಂದು ಏಪ್ರಿಲ್ 7ರವರೆಗೆ ಕಾದರೆ ಕೆಟ್ಟಿರಿ. ಜೂರಿ ಬೇಕಿದ್ದು, ರಾಜ್ಯ ಕೋರ್ಟಿನಲ್ಲಿ ಕೇಳಿರದಿದ್ದರೆ 14 ದಿನದ ವಾಯಿದೆಯನ್ನೂ ಡೈರಿಯಲ್ಲಿ ಗುರುತು ಹಾಕಿ.

ವಾದಿಯ ಕೈಯಲ್ಲಿರುವ ಅಸ್ತ್ರ ರಿಮ್ಯಾಂಡ್ ಅರ್ಜಿ, ಅಂದರೆ ಕೇಸನ್ನು ರಾಜ್ಯ ಕೋರ್ಟಿಗೆ ವಾಪಸ್ ಕಳಿಸಿ ಎಂಬ ಅರ್ಜಿ. ಒಪ್ಪಿಗೆ ಇಲ್ಲ, ತಡವಾಯಿತು, ಕಾಗದ ಬಿಟ್ಟುಹೋಗಿದೆ ಎಂಬಂಥ ಲೋಪಗಳಿಗೆ ನೋಟಿಸ್ ಸಲ್ಲಿಸಿದ 30 ದಿನದೊಳಗೆ ಕೇಳಬೇಕು. ಮಾರ್ಚ್ 28ರಿಂದ ಎಣಿಸಿದರೆ ಏಪ್ರಿಲ್ 27 ಭಾನುವಾರ, ಹಾಗಾಗಿ 28ರವರೆಗೆ ಸಮಯ. ನ್ಯಾಯವ್ಯಾಪ್ತಿಯೇ ಇಲ್ಲ ಎಂಬ ತಕರಾರಿಗೆ ಈ ಮಿತಿಯಿಲ್ಲ. ಅಂತಿಮ ತೀರ್ಪಿನ ಹಿಂದಿನ ದಿನವೂ ಎತ್ತಬಹುದು. ಎರಡು ವರ್ಷ ನಡೆದ ಕೇಸು ಒಬ್ಬ ಮರೆತುಹೋದ ಎಲ್‌ಎಲ್‌ಸಿ ಸದಸ್ಯನಿಂದ ವಾಪಸ್ ಹೋಗಬಲ್ಲದು. ರಿಮೂವಲ್‌ಗೆ ತಕ್ಕಮಟ್ಟಿನ ಆಧಾರವೂ ಇರಲಿಲ್ಲ ಎಂದು ಕೋರ್ಟಿಗೆ ಅನಿಸಿದರೆ ವಾದಿಯ ವಕೀಲರ ಫೀಸು ಹಾಕುತ್ತದೆ (2005ರ ಮಾರ್ಟಿನ್ ತೀರ್ಪು).

2025ರ ಜನವರಿಯಿಂದ ಮತ್ತೊಂದು ದಾರಿ ಗಟ್ಟಿಯಾಗಿದೆ. ಫೆಡರಲ್ ಕಾನೂನಿನ ಬೇಡಿಕೆ ಇದೆ ಎಂದು ನೀವು ಒಯ್ದ ಮೇಲೆ, ವಾದಿ ವಾದಪತ್ರ ತಿದ್ದಿ ಆ ಬೇಡಿಕೆಯನ್ನೇ ಕೈಬಿಟ್ಟರೆ ಫೆಡರಲ್ ಕೋರ್ಟು ಉಳಿದದ್ದನ್ನು ಇಟ್ಟುಕೊಳ್ಳುವಂತಿಲ್ಲ, ರಾಜ್ಯ ಕೋರ್ಟಿಗೆ ಕಳಿಸಲೇಬೇಕು. ರಾಯಲ್ ಕೆನಿನ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಒಮ್ಮತದ ತೀರ್ಪು ಇದು. ರಾಜ್ಯ ಕಾನೂನಿನ ಹತ್ತು ಬೇಡಿಕೆಗಳ ಮಧ್ಯೆ ಒಂದೇ ಒಂದು ಫೆಡರಲ್ ಬೇಡಿಕೆ ಸಿಕ್ಕಿಕೊಂಡಿದ್ದರೆ, ಒಯ್ಯುವ ಖರ್ಚು ದಂಡವಾಗುವ ಸಂಭವವೇ ಹೆಚ್ಚು.

ಹಾಗಾದರೆ ಒಯ್ಯಬೇಕೇ? ಜೂರಿ ದೊಡ್ಡ ಪ್ರದೇಶದಿಂದ ಬರುತ್ತದೆ, ತೀರ್ಪು ಸರ್ವಾನುಮತದ್ದಾಗಿರಬೇಕು, ತಜ್ಞ ಸಾಕ್ಷಿಗಳನ್ನು ನ್ಯಾಯಾಧೀಶರು ಮೊದಲೇ ಜರಡಿ ಹಿಡಿಯುತ್ತಾರೆ. ಕಂಪನಿಗಳಿಗೆ ಇವು ರುಚಿಸುತ್ತವೆ. ಆದರೆ ಮುದ್ದತುಗಳು ಬಿಗಿ, ಕಾಗದದ ಕೆಲಸ ಜಾಸ್ತಿ, ಗಂಟೆಗಿಷ್ಟು ಎಂದು ವಕೀಲರಿಗೆ ಕೊಡುವ ಸಣ್ಣ ವ್ಯಾಪಾರಿಗೆ ಬಿಲ್ಲು ಏರುತ್ತದೆ. 90,000 ಡಾಲರಿನ ಬಾಡಿಗೆ ವ್ಯಾಜ್ಯವಾಗಿದ್ದು, ಸಾಕ್ಷಿಗಳೆಲ್ಲ ಒಂದೇ ಊರಿನವರಾಗಿದ್ದರೆ, ರಾಜ್ಯ ಕೋರ್ಟಿನಲ್ಲೇ ಉಳಿಯುವುದು ನಮ್ಮ ಸಲಹೆ.

ವಾಪಸ್ ಬಂದರೆ ಏನು ಎಂಬುದೂ ಗೊತ್ತಿರಲಿ. ರಿಮ್ಯಾಂಡ್ ಆದೇಶದ ಮೇಲೆ ಸಾಮಾನ್ಯವಾಗಿ ಅಪೀಲಿಲ್ಲ. ಫೆಡರಲ್ ಕ್ಲರ್ಕ್ ಆದೇಶದ ದೃಢೀಕೃತ ನಕಲನ್ನು ರಾಜ್ಯ ಕೋರ್ಟಿಗೆ ಕಳಿಸುತ್ತಾರೆ, ಅಲ್ಲಿಂದ ಉತ್ತರದ ವಾಯಿದೆ ಮತ್ತೆ ಆ ರಾಜ್ಯದ ನಿಯಮದಂತೆ. ಕ್ಯಾಲಿಫೋರ್ನಿಯಾದಲ್ಲಿ ಕೇಸು ಮರಳಿ ಬಂದ ದಿನದಿಂದ 30 ದಿನ. ಟೆಕ್ಸಸ್‌ನಲ್ಲಿ ರಿಮ್ಯಾಂಡ್ ಆದೇಶ ಸಲ್ಲಿಕೆಯಾಗಿದೆ ಎಂಬ ನೋಟಿಸ್ ವಾದಿಯಿಂದ ಬಂದ ಮೇಲೆ 15 ದಿನ. ಫೆಡರಲ್ ಕೋರ್ಟಿನಲ್ಲಿದ್ದಾಗಲೇ ಉತ್ತರ ಸಲ್ಲಿಸಿದ್ದರೆ ಅದರ ನಕಲನ್ನು ರಾಜ್ಯದ ಕಡತಕ್ಕೂ ಸೇರಿಸಿಬಿಡಿ.